ಮೀಟರಿನ ಸಾಕ್ಷಿ

ಕುದುರೆಗಾಡಿಗಳ ಕಾಲದಲ್ಲಿ, ಗೊರಸಿನಿಂದ ಸಿಡಿದ ಕೆಸರು ಒಳಗೆ ಕುಳಿತವರ ಬಟ್ಟೆಯ ಮೇಲೆ ಬೀಳದಿರಲೆಂದು ಗಾಡಿಯ ಮುಂಭಾಗಕ್ಕೆ ಒಂದು ಹಲಗೆಯನ್ನು ಕಟ್ಟುತ್ತಿದ್ದರು. ಇಂಗ್ಲಿಷರು ಅದನ್ನು ಡ್ಯಾಶ್‌ಬೋರ್ಡು ಎಂದು ಕರೆದರು. ಕುದುರೆ ಹೋಯಿತು, ಕೆಸರೂ ಹೋಯಿತೆಂದರೆ ಎಲ್ಲ ಊರಿನವರೂ ಒಪ್ಪಲಾರರು, ಹಲಗೆಯ ಹೆಸರು ಮಾತ್ರ ಮೋಟಾರಿನೊಳಕ್ಕೆ ಬಂದು ನೆಲೆಯೂರಿತು. ಈಗ ಆ ಹೆಸರಿನ ಹಲಗೆಯು ಕೆಸರನ್ನು ತಡೆಯುವುದಿಲ್ಲ, ಮಾತನಾಡುತ್ತದೆ. ಬಂಡಿಯು ಎಷ್ಟು ವೇಗವಾಗಿ ಹೋಗುತ್ತಿದೆ, ತೊಟ್ಟಿಯಲ್ಲಿ ಎಷ್ಟು ಪೆಟ್ರೋಲು ಉಳಿದಿದೆ, ಎಂಜಿನ್ನಿನ ಎಣ್ಣೆಗೆ ಒತ್ತಡವಿದೆಯೇ, ನೀರು ಕಾದಿದೆಯೇ ಎಂಬ ನಾಲ್ಕಾರು ವಿಷಯಗಳನ್ನು, ಕೇಳಿದಾಗಲೂ ಕೇಳದಿದ್ದಾಗಲೂ, ಒಂದೇ ಸಮನೆ ತಿಳಿಸುತ್ತಿರುವುದು ಅದರ ಧರ್ಮ.

ಹಳೆಯ ಕಾರುಗಳನ್ನು ಮತ್ತೆ ಹೊಸತು ಮಾಡುವ ಹವ್ಯಾಸವುಳ್ಳವರಿಗೆ ಬಣ್ಣ, ಚರ್ಮದ ಆಸನ, ಹೊಳೆಯುವ ಬಂಪರುಗಳ ಮೇಲೆ ಮೊದಲು ಕಣ್ಣು ಬೀಳುವುದು ಸಹಜ. ಇವೆಲ್ಲ ನೋಡುವವರ ಸಂತೋಷಕ್ಕೆ ಇರತಕ್ಕವು. ಇವುಗಳಲ್ಲಿ ಚೆಂದ ಅಥವಾ ಚೆಂದವಿಲ್ಲ ಎಂಬ ಎರಡೇ ಮಾತು. ಮೀಟರುಗಳ ವಿಷಯವು ಹಾಗಲ್ಲ. ಅಲ್ಲಿ ಚೆಂದದ ಜೊತೆಗೆ ನಿಜ ಮತ್ತು ಸುಳ್ಳು ಎಂಬ ಮತ್ತೊಂದು ಲೆಕ್ಕವೂ ಸೇರಿಕೊಳ್ಳುತ್ತದೆ. ಬಾಗಿಲಿಗೆ ತಪ್ಪು ಬಣ್ಣ ಬಳಿದರೆ ಯಾರಿಗೂ ಕೇಡಿಲ್ಲ. ಮೀಟರಿನ ಮುಳ್ಳು ತಪ್ಪು ಹೇಳಿದರೆ ಅದನ್ನು ನಂಬಿದವನಿಗೆ ಕೇಡುಂಟು. ಆದುದರಿಂದ ಈ ಕೆಲಸಕ್ಕೆ ಕೈಹಾಕುವವನು ಬಣ್ಣಗಾರನಷ್ಟೇ ಆದರೆ ಸಾಲದು, ಸ್ವಲ್ಪ ಮಟ್ಟಿಗೆ ಕರಣಿಕನೂ ಆಗಿರಬೇಕು.

ವೇಗವನ್ನು ತೋರಿಸುವ ಮೀಟರಿನ ಒಳಗಣ ಯುಕ್ತಿಯು ಬಹು ಸೊಗಸಾದುದು. ೧೯೦೨ರಲ್ಲಿ ಸ್ಟ್ರಾಸ್‌ಬರ್ಗಿನ ಓಟೋ ಶುಲ್ಟ್ಸ್ ಎಂಬಾತನು ಇದಕ್ಕೆ ಹಕ್ಕುಪತ್ರವನ್ನು ಪಡೆದನು. ಗೇರುಪೆಟ್ಟಿಗೆಯಿಂದ ಹೊರಟ ಒಂದು ಬಳುಕುವ ತಂತಿಯ ಕೇಬಲು ಮೀಟರಿನವರೆಗೂ ಬಂದು, ಅಲ್ಲಿರುವ ಅಯಸ್ಕಾಂತವನ್ನು ತಿರುಗಿಸುವುದು. ಅಯಸ್ಕಾಂತದ ಸುತ್ತ, ಅದಕ್ಕೆ ತಾಗದಂತೆ, ಅಲ್ಯೂಮಿನಿಯಮಿನ ತೆಳ್ಳನೆಯ ಬಟ್ಟಲೊಂದು ಕವಿದಿರುತ್ತದೆ. ಅಲ್ಯೂಮಿನಿಯಮನ್ನು ಅಯಸ್ಕಾಂತವು ಎಳೆಯದೆಂಬುದು ಶಾಲೆಯ ಹುಡುಗರಿಗೂ ಗೊತ್ತು. ಆದರೆ ಅಯಸ್ಕಾಂತವು ತಿರುಗತೊಡಗಿದರೆ ಆ ಲೋಹದಲ್ಲಿ ವಿದ್ಯುತ್ತಿನ ಸುಳಿಗಳು ಹುಟ್ಟಿ, ಬಟ್ಟಲೂ ಅದರ ಹಿಂದೆಯೇ ತಿರುಗಲು ಹವಣಿಸುತ್ತದೆ. ಅದು ಪೂರ್ತಿ ತಿರುಗಿಬಿಡದಂತೆ ಕೂದಲೆಳೆಯಷ್ಟು ಸಣ್ಣ ಸುರುಳಿಯ ಸ್ಪ್ರಿಂಗೊಂದು ಹಿಡಿದಿರುತ್ತದೆ. ಒಂದು ಕಡೆ ಅಯಸ್ಕಾಂತದ ಸೆಳೆತ, ಇನ್ನೊಂದು ಕಡೆ ಸ್ಪ್ರಿಂಗಿನ ಬಿಗಿತ. ಇವೆರಡೂ ಸಮವಾದ ಎಡೆಯಲ್ಲಿ ಮುಳ್ಳು ನಿಲ್ಲುತ್ತದೆ. ಆ ಎಡೆಯನ್ನೇ ಜನರು ವೇಗವೆಂದು ಓದುವರು. ಅದೇ ಕೇಬಲಿನ ತಿರುಗಾಟವು ಹಲ್ಲುಚಕ್ರಗಳ ಮೂಲಕ ಅಂಕೆಗಳ ಉರುಳೆಗಳಿಗೂ ಹೋಗಿ, ಬಂಡಿಯು ಒಟ್ಟು ಎಷ್ಟು ಮೈಲಿ ಓಡಿತೆಂಬ ಲೆಕ್ಕವನ್ನು ಬರೆದಿಡುತ್ತದೆ.

ಎಣ್ಣೆಯ ಒತ್ತಡವನ್ನು ಅಳೆಯುವ ಮೀಟರು ಇದಕ್ಕಿಂತಲೂ ಹಿರಿಯದು. ಪ್ಯಾರಿಸಿನ ಯೂಜೀನ್ ಬೂರ್ದೋನ್ ಎಂಬಾತನು ೧೮೪೯ರಲ್ಲಿಯೇ ಕಂಡುಕೊಂಡ ಉಪಾಯವದು: ಚಪ್ಪಟೆಯಾದ ಹಿತ್ತಾಳೆಯ ಕೊಳವೆಯೊಂದನ್ನು ಕುಡುಗೋಲಿನಂತೆ ಬಾಗಿಸಿ ಅದರೊಳಗೆ ಒತ್ತಡವನ್ನು ಬಿಟ್ಟರೆ, ಅದು ನೆಟ್ಟಗಾಗಲು ನೋಡುತ್ತದೆ, ಅದರ ತುದಿಯ ಅಲ್ಪ ಚಲನೆಯನ್ನು ಹಲ್ಲುಗಳಿಂದ ಹಿಗ್ಗಿಸಿದರೆ ಮುಳ್ಳಿನ ಓಟವಾಗುತ್ತದೆ. ಉಗಿಯಂತ್ರಗಳ ಕಾಲದ ಈ ವಸ್ತುವು ಬಹುತೇಕ ಬದಲಾಗದೆಯೇ ಮೋಟಾರಿಗೆ ಬಂತು.

ಇಂತಹ ಯಂತ್ರಗಳನ್ನು ಮೊದಲು ಮಾಡಿದವರು ಮೋಟಾರಿನವರಲ್ಲ, ಗಡಿಯಾರದವರು. ೧೮೫೧ರಲ್ಲಿ ಲಂಡನ್ನಿನಲ್ಲಿ ಗಡಿಯಾರದ ಅಂಗಡಿಯಾಗಿ ಪ್ರಾರಂಭವಾದ ಸ್ಮಿತ್ಸ್ ಮನೆತನದ ಹೆಸರೇ ಮುಂದೆ ಬ್ರಿಟಿಷ್ ಕಾರುಗಳ ಮೀಟರುಗಳ ಮುಖದ ಮೇಲೆ ಸಾಮಾನ್ಯವಾಗಿ ಕಾಣಬಂದಿತು. ೧೯೦೩ರ ಕಾಯಿದೆಯಿಂದ ಬ್ರಿಟನ್ನಿನಲ್ಲಿ ಗಂಟೆಗೆ ಇಪ್ಪತ್ತು ಮೈಲಿಯ ವೇಗದ ಮಿತಿ ಬಂದಾಗ, ತಾನು ಮಿತಿಯೊಳಗೇ ಇದ್ದೆನೆಂದು ಹೇಳಿಕೊಳ್ಳಲು ಮೋಟಾರಿನ ಯಜಮಾನನಿಗೆ ಒಂದು ಸಾಕ್ಷಿ ಬೇಕಾಯಿತು. ಹೀಗೆ ಮೀಟರು ಹುಟ್ಟಿದಂದಿನಿಂದಲೂ ಅದಕ್ಕೆ ಸಾಕ್ಷಿಯ ಕೆಲಸವು ಅಂಟಿಕೊಂಡೇ ಬಂದಿದೆ.

ಈ ಸಾಕ್ಷಿಗೂ ಮುಪ್ಪು ತಪ್ಪಿದ್ದಲ್ಲ. ಅರವತ್ತು ಎಪ್ಪತ್ತು ವರ್ಷಗಳ ಬಿಸಿಲು, ಮಳೆ, ಧೂಳುಗಳನ್ನು ಕಂಡ ಮೀಟರನ್ನು ಹಲಗೆಯಿಂದ ಬಿಡಿಸಿ ತೆಗೆದರೆ ಅದರ ವ್ಯಾಧಿಗಳೆಲ್ಲವೂ ಒಂದೊಂದಾಗಿ ಕಾಣುತ್ತವೆ. ಗಾಜಿನ ಸುತ್ತಣ ಬಳೆಯು ತುಕ್ಕು ಹಿಡಿದಿರುತ್ತದೆ; ಗಾಜಿನ ಒಳಮುಖವು ಮಂಜು ಕವಿದಂತಾಗಿರುತ್ತದೆ; ಮುಳ್ಳಿನ ಬಣ್ಣವು ಸಿಬಿರೆದ್ದಿರುತ್ತದೆ. ಅಯಸ್ಕಾಂತದ ಕಂಬಕ್ಕೆ ಹಾಕಿದ ಗ್ರೀಸು ಒಣಗಿ ಅಂಟಾಗಿ, ಮುಳ್ಳು ನಿಂತಲ್ಲಿ ನಿಲ್ಲದೆ ನಾಯಿಯ ಬಾಲದಂತೆ ಆಡುತ್ತಿರುತ್ತದೆ. ಕೇಬಲಿಗೆ ಎಣ್ಣೆ ಕಾಣಿಸಬೇಕೆಂಬ ಉತ್ಸಾಹದಲ್ಲಿ ಯಾರೋ ಅದರ ಮೇಲ್ತುದಿಯವರೆಗೂ ಗ್ರೀಸು ಬಳಿದಿದ್ದರೆ, ಅದು ತಿರುಗುವ ತಂತಿಯನ್ನೇ ಏಣಿಮಾಡಿಕೊಂಡು ಹತ್ತಿ ಮೀಟರಿನ ಒಳಹೊಕ್ಕು ಬಟ್ಟಲನ್ನು ಕೆಡಿಸಿರುತ್ತದೆ. ಅನುಭವಿಗಳು ಮೇಲಿನ ಕೆಲವು ಅಂಗುಲಗಳನ್ನು ಒಣಗಲಾಗಿಯೇ ಬಿಡುವರು.

ಅವಸರದ ಕೈ ಇಲ್ಲಿ ಹಾಳುಮಾಡುವಷ್ಟು ಕಾಲವೂ ಹಾಳುಮಾಡಲಾರದು. ಮಾಸಿದ ಮುಖಫಲಕವನ್ನು ಕಂಡೊಡನೆ ಒದ್ದೆಬಟ್ಟೆಯಿಂದ ಒರೆಸಬೇಕೆನ್ನಿಸುವುದು ಸ್ವಾಭಾವಿಕ. ಆದರೆ ಹಳೆಯ ಫಲಕಗಳ ಅಕ್ಷರಗಳು ಬಲು ನಾಜೂಕು, ಒಂದೇ ಒರಸಿಗೆ ಧೂಳಿನ ಜೊತೆಯಲ್ಲಿ ಅಂಕೆಗಳೂ ಬಟ್ಟೆಗೆ ಬಂದುಬಿಡುವುದುಂಟು. ಮೊದಲು ಮೆತ್ತನೆಯ ಕುಂಚದಿಂದ ಧೂಳನ್ನು ಕೊಡವಿ, ಕಣ್ಣಿಗೆ ಬೀಳದ ಒಂದು ಮೂಲೆಯಲ್ಲಿ ಪರೀಕ್ಷಿಸಿ, ಆಮೇಲೆ ಮುಂದುವರಿಯತಕ್ಕದ್ದು. ಅಕ್ಷರಗಳು ಹೋಗಿಯೇ ಇದ್ದರೆ ಅದೇ ಅಳತೆಯಲ್ಲಿ ಹೊಸದಾಗಿ ಅಚ್ಚು ಹಾಕಿಸಬಹುದು. ಹಾಗೆ ಮಾಡುವಾಗ ಹಳೆಯದರ ಛಾಯಾಚಿತ್ರವನ್ನು ತೆಗೆದಿಟ್ಟುಕೊಳ್ಳುವುದು ಜಾಣತನ.

ನೀರಿನ ಉಷ್ಣವನ್ನು ತೋರಿಸುವ ಹಳೆಯ ಮೀಟರಿನದು ಇನ್ನೊಂದು ಕಷ್ಟ. ಎಂಜಿನ್ನಿನಲ್ಲಿರುವ ಸಣ್ಣ ಬುರುಡೆಯಲ್ಲಿ ಈಥರನ್ನು ತುಂಬಿ, ದಾರದಷ್ಟು ತೆಳುವಾದ ತಾಮ್ರದ ಕೊಳವೆಯಿಂದ ಅದನ್ನು ಮೀಟರಿಗೆ ಜೋಡಿಸಿರುತ್ತಾರೆ. ಕೊಳವೆಯು ಎಲ್ಲಿಯಾದರೂ ಮುರಿದರೆ ಈಥರು ಹಾರಿಹೋಗಿ ಮೀಟರು ಸತ್ತಂತೆಯೇ. ಇದಕ್ಕೆ ಹವ್ಯಾಸಿಗಳು ಕಂಡುಕೊಂಡಿರುವ ಚಿಕಿತ್ಸೆಯು ಕಸಿಕಟ್ಟುವವರ ವಿದ್ಯೆಯನ್ನು ನೆನಪಿಗೆ ತರುತ್ತದೆ. ಹೊಸದಾದ ಅಗ್ಗದ ಮೀಟರೊಂದನ್ನು ತಂದು, ಅದರ ಬುರುಡೆಯನ್ನು ಉಪ್ಪು ಬೆರೆಸಿದ ಮಂಜುಗಡ್ಡೆಯಲ್ಲಿ ಹೂತು ಈಥರನ್ನು ತಣ್ಣಗೆ ಕುಳ್ಳಿರಿಸಿ, ಕೊಳವೆಯನ್ನು ಕತ್ತರಿಸಿ, ಹಳೆಯ ಮೀಟರಿನ ಕೊಳವೆಗೆ ಬೆಸುಗೆ ಹಾಕುವುದು. ಬೆಸುಗೆ ಮುಗಿಯುವವರೆಗೂ ಮಂಜು ಕರಗಬಾರದು. ಈಥರು ಬೆಂಕಿಗೆ ಬಲು ಬೇಗ ಹತ್ತಿಕೊಳ್ಳುವ ವಸ್ತುವಾದುದರಿಂದ, ಇದು ಅರಿಯದವರ ಕೈಗೆ ತಕ್ಕ ಕೆಲಸವಲ್ಲ.

ಅದಕ್ಕಿಂತಲೂ ಎಚ್ಚರಿಕೆ ಬೇಕಾದುದು ಕತ್ತಲೆಯಲ್ಲಿ ಹೊಳೆಯಲೆಂದು ಬಳಿದ ಬಣ್ಣದ ವಿಷಯದಲ್ಲಿ. ಹಿಂದಿನ ಕೆಲವು ಕಾರುಗಳ ಮತ್ತು ವಿಮಾನಗಳ ಮೀಟರುಗಳಲ್ಲಿ, ಗಡಿಯಾರಗಳಲ್ಲಿದ್ದಂತೆಯೇ, ರೇಡಿಯಂ ಬೆರೆತ ಬಣ್ಣವನ್ನು ಅಂಕೆಗಳಿಗೆ ಹಚ್ಚುತ್ತಿದ್ದರು. ಅಮೆರಿಕದ ನ್ಯೂಜೆರ್ಸಿಯ ಆರೆಂಜ್ ಎಂಬ ಊರಿನ ಕಾರ್ಖಾನೆಯಲ್ಲಿ ಈ ಬಣ್ಣವನ್ನು ಹಚ್ಚುವಾಗ ಕುಂಚದ ತುದಿಯನ್ನು ತುಟಿಯಲ್ಲಿ ಮೊನೆಮಾಡಿಕೊಳ್ಳುತ್ತಿದ್ದ ಹೆಣ್ಣುಮಕ್ಕಳು, ೧೯೨೦ರ ದಶಕದಲ್ಲಿ ದವಡೆಯ ಮೂಳೆ ಕೊಳೆತು ಸಂಕಟಪಟ್ಟು ಸತ್ತರು. ಇಂದು ಅಂತಹ ಅಂಕೆಗಳು ಹೊಳೆಯುವುದಿಲ್ಲ. ಅದರಿಂದ ವಿಷ ಇಳಿದಿದೆಯೆಂದು ಭಾವಿಸಬಾರದು. ಸತ್ತಿರುವುದು ರೇಡಿಯಮಿನ ಪೆಟ್ಟಿಗೆ ಹೊಳೆಯುತ್ತಿದ್ದ ಸತುವಿನ ಗಂಧಕದ ಪುಡಿ ಮಾತ್ರ. ರೇಡಿಯಂ ಅರ್ಧಕ್ಕೆ ಇಳಿಯಲು ಸುಮಾರು ೧೬೦೦ ವರ್ಷಗಳು ಬೇಕು. ಅಂತಹ ಫಲಕವನ್ನು ಕೆರೆಯುವುದಾಗಲಿ ಉಜ್ಜುವುದಾಗಲಿ ಕೂಡದು. ಅದರ ಧೂಳನ್ನು ಉಸಿರಿಗೆ ಎಳೆದುಕೊಂಡರೆ ಪ್ರಾಣಾಪಾಯ.

ಇಷ್ಟು ಜೀರ್ಣೋದ್ಧಾರದ ಮಾತಾಯಿತು. ಹಳೆಯದನ್ನು ಹಳೆಯದರಂತೆ ನಿಲ್ಲಿಸುವುದರಿಂದಲೇ ಎಲ್ಲರಿಗೂ ತೃಪ್ತಿಯಾಗುವುದಿಲ್ಲ. ತಮ್ಮ ಇಷ್ಟದಂತೆ ಮಾರ್ಪಡಿಸಬೇಕೆನ್ನುವವರೂ ಉಂಟು. ಇದನ್ನು ಕೇಳಿದೊಡನೆ ಮೂಗು ಮುರಿಯುವ ಶುದ್ಧಾಚಾರಿಗಳು ಹಳೆಯ ಮೋಟಾರಿನ ಲೋಕದಲ್ಲಿಯೂ ಇದ್ದಾರೆ. ಆದರೆ ಮಾರ್ಪಾಡುಗಳೆಲ್ಲವನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ನ್ಯಾಯವಲ್ಲ. ಡೈನಮೋವನ್ನು ತೆಗೆದು ಹೆಚ್ಚು ವಿದ್ಯುತ್ತನ್ನು ಕೊಡುವ ಆಲ್ಟರ್ನೇಟರನ್ನು ಕೂರಿಸಿದವನು, ಮೂವತ್ತು ಆಂಪಿಯರಿಗೆ ಮೀರಿ ತಾಳಲಾರದ ಹಳೆಯ ಅಮ್ಮೀಟರನ್ನು ಹಾಗೆಯೇ ಬಿಟ್ಟರೆ ತಂತಿ ಕಾದು ಬೆಂಕಿಗೆ ಆಸ್ಪದವಾದೀತು; ಅವನು ಅದರ ಬದಲು ವೋಲ್ಟ್‌ಮೀಟರನ್ನು ಹಾಕುವುದು ಅಪಚಾರವಲ್ಲ, ವಿವೇಕ. ೧೯೬೦ರ ದಶಕದ ಅನೇಕ ಬ್ರಿಟಿಷ್ ಕಾರುಗಳಲ್ಲಿ ಪೆಟ್ರೋಲು ಮತ್ತು ಉಷ್ಣದ ಮೀಟರುಗಳಿಗೆ ಸರಾಸರಿ ಹತ್ತು ವೋಲ್ಟಿನಷ್ಟೇ ವಿದ್ಯುತ್ತನ್ನು ಹದವಾಗಿ ಬಿಡುವ ಚಿಕ್ಕ ಡಬ್ಬಿಯೊಂದು ಇರುತ್ತಿತ್ತು. ಒಳಗಿನ ದ್ವಿಲೋಹದ ಪಟ್ಟಿಯು ಕಾದು ಬಾಗಿ, ತಣಿದು ಕೂಡಿ, ವಿದ್ಯುತ್ತನ್ನು ಬಿಡುತ್ತ ತಡೆಯುತ್ತ ಇರುವುದೇ ಅದರ ಕೆಲಸ. ಅದು ಕೆಟ್ಟು ಪೂರ್ಣ ವಿದ್ಯುತ್ತನ್ನೇ ಬಿಟ್ಟರೆ ತೊಟ್ಟಿಯಲ್ಲಿ ಇಲ್ಲದ ಪೆಟ್ರೋಲನ್ನು ಮುಳ್ಳು ಇದೆಯೆನ್ನುತ್ತದೆ. ಆ ಡಬ್ಬಿಯೊಳಗೆ ಈಗಿನ ಕಾಲದ ಸ್ಥಿರವಾದ ವಿದ್ಯುತ್ಕಣವನ್ನು ಅಡಗಿಸಿಟ್ಟರೆ ಹೊರಗೆ ಏನೂ ಬದಲಾಗದು, ಒಳಗೆ ಸತ್ಯವು ಹೆಚ್ಚಾಗುವುದು.

ವೇಗದ ಮೀಟರಿನ ವಿಷಯದಲ್ಲಿ ಈ ಸತ್ಯಕ್ಕೆ ಒಂದು ವಿಶೇಷವಾದ ವಿಧಿಯೂ ಇದೆ. ವಿಶ್ವಸಂಸ್ಥೆಯ ಆಶ್ರಯದಲ್ಲಿ ರಚಿತವಾದ ವಾಹನ ನಿಯಮಗಳ ಪೈಕಿ ೩೯ನೆಯದರಂತೆ, ಮೀಟರು ನಿಜವಾದ ವೇಗಕ್ಕಿಂತ ಕಡಿಮೆಯನ್ನು ಎಂದಿಗೂ ತೋರಿಸಕೂಡದು. ಹೆಚ್ಚು ತೋರಿಸುವುದಾದರೆ ನಿಜವೇಗದ ಹತ್ತನೆಯ ಒಂದು ಪಾಲು ಮತ್ತು ನಾಲ್ಕು ಕಿಲೋಮೀಟರಿಗೆ ಮೀರಕೂಡದು. ಗಂಟೆಗೆ ೮೦ ಕಿಲೋಮೀಟರು ಓಡುವ ಬಂಡಿಯ ಮುಳ್ಳು ೯೨ರವರೆಗೆ ಹೋದರೆ ಕ್ಷಮೆಯುಂಟು, ೭೯ಕ್ಕೆ ಇಳಿದರೆ ಇಲ್ಲ. ಹಳೆಯ ಕಾರುಗಳು ಈ ನಿಯಮಕ್ಕಿಂತ ಮೊದಲೇ ಹುಟ್ಟಿದವು; ಆದರೂ ಇದರ ತತ್ತ್ವವು ಎಲ್ಲ ಕಾಲಕ್ಕೂ ಸಲ್ಲತಕ್ಕದ್ದು. ತಪ್ಪುವುದು ಅನಿವಾರ್ಯವಾದರೆ ಎಚ್ಚರಿಕೆಯ ಕಡೆಗೆ ತಪ್ಪಬೇಕೇ ಹೊರತು ಅಪಾಯದ ಕಡೆಗಲ್ಲ.

ಈ ತತ್ತ್ವವು ಒಂದು ಮನೆಯಲ್ಲಿ ಹೇಗೆ ಪರೀಕ್ಷೆಗೆ ಬಂತೆಂಬುದನ್ನು ಹೇಳಿದರೆ ವಾಚಕರಿಗೆ ವಿಷಯವು ಇನ್ನಷ್ಟು ಹತ್ತಿರವಾದೀತು.

ಹಾಸನದಲ್ಲಿ ಒಬ್ಬ ನಿವೃತ್ತ ಗಣಿತದ ಅಧ್ಯಾಪಕರಿದ್ದಾರೆ. ಅವರ ತಂದೆಯವರು ಮಲೆನಾಡಿನ ಸೆರಗಿನ ಒಂದು ಊರಿನಲ್ಲಿ ವೈದ್ಯರಾಗಿದ್ದು, ಕಾಫಿ ತೋಟದ ದೊರೆಯೊಬ್ಬನು ಸ್ವದೇಶಕ್ಕೆ ಹೊರಟಾಗ ಅವನಿಂದ ೧೯೫೭ರ ಒಂದು ಮಾರಿಸ್ ಮೈನರ್ ಕಾರನ್ನು ಕೊಂಡುಕೊಂಡರು. ಅಲೆಕ್ ಇಸಿಗೋನಿಸ್ ಎಂಬ ಯಂತ್ರಜ್ಞನು ರೂಪಿಸಿ, ೧೯೪೮ರ ಅಕ್ಟೋಬರಿನಲ್ಲಿ ಲಂಡನ್ನಿನ ಪ್ರದರ್ಶನದಲ್ಲಿ ಮೊದಲು ಕಾಣಿಸಿಕೊಂಡು, ೧೯೭೧ರವರೆಗೆ ಹದಿನಾರು ಲಕ್ಷಕ್ಕೂ ಮಿಕ್ಕಿ ತಯಾರಾದ ಈ ಪುಟ್ಟ ಕಾರು ಭಾರತಕ್ಕೆ ಅಪರಿಚಿತವಲ್ಲ. ಹಿಂದೂಸ್ತಾನ್ ಮೋಟಾರ್ಸಿನವರು ಇದನ್ನೇ ಬೇಬಿ ಹಿಂದೂಸ್ತಾನ್ ಎಂಬ ಹೆಸರಿನಿಂದ ಸ್ವಲ್ಪ ಕಾಲ ಜೋಡಿಸಿ ಮಾರಿದ್ದರು. ೧೯೫೪ರ ಕೊನೆಯಿಂದೀಚಿನ ಮೈನರುಗಳ ಡ್ಯಾಶ್‌ಬೋರ್ಡಿನಲ್ಲಿ ಆಡಂಬರವಿಲ್ಲ. ಹಲಗೆಯ ನಟ್ಟನಡುವೆ ಊಟದ ಬಟ್ಟಲಿನಂತಹ ಒಂದೇ ದೊಡ್ಡ ಮೀಟರು. ಅದರಲ್ಲಿಯೇ ಪೆಟ್ರೋಲಿನ ಮುಳ್ಳು, ಮೈಲಿಗಳ ಲೆಕ್ಕ, ಎಲ್ಲವೂ ಅಡಕವಾಗಿವೆ.

ವೈದ್ಯರು ಆ ಕಾರಿನಲ್ಲಿ ಹೆರಿಗೆಗೂ ಜ್ವರಕ್ಕೂ ಹಾವಿನ ಕಡಿತಕ್ಕೂ ಹೊತ್ತಲ್ಲದ ಹೊತ್ತಿನಲ್ಲಿ ಹೋಗಿಬರುತ್ತಿದ್ದರು. ಪೆಟ್ರೋಲು ಹಾಕಿಸಿದಾಗಲೆಲ್ಲ ಮೀಟರಿನ ಅಂಕೆಯನ್ನು ಒಂದು ಪುಸ್ತಕದಲ್ಲಿ ಬರೆದಿಡುವುದು ಅವರ ಪದ್ಧತಿ. ೧೯೯೧ರಲ್ಲಿ ಅವರು ತೀರಿಕೊಂಡ ಮೇಲೆ ಕಾರು ಕೊಟ್ಟಿಗೆ ಸೇರಿತು. ಮೂವತ್ತು ವರ್ಷಗಳ ನಂತರ ಮಗನು ಅದನ್ನು ಹೊರಕ್ಕೆ ತೆಗೆದು ಓಡುವಂತೆ ಮಾಡಿಸಿದಾಗ, ಎಂಜಿನ್ನು ಬದುಕಿತು, ಮೀಟರು ಏಳಲಿಲ್ಲ. ಮುಳ್ಳು ಸೊನ್ನೆಯ ಮೇಲೆ ಮಲಗಿತ್ತು. ಉರುಳೆಗಳ ಮೇಲೆ ೯೮,೯೩೦ ಎಂಬ ಅಂಕೆ ನಿಂತಿತ್ತು.

ಮೀಟರನ್ನು ಬೆಂಗಳೂರಿನ ಜೆ. ಸಿ. ರಸ್ತೆಯ ಮಗ್ಗುಲಿನ ಗಲ್ಲಿಯಲ್ಲಿದ್ದ ಒಬ್ಬ ಕುಶಲಿಯ ಬಳಿಗೆ ತೆಗೆದುಕೊಂಡು ಹೋದದ್ದಾಯಿತು. ಆತನು ಮೊದಲು ಕೈಗಡಿಯಾರಗಳನ್ನು ರಿಪೇರಿ ಮಾಡುತ್ತಿದ್ದವನು. ಬೆರಳುಗಳು ಒರಟು, ಕೆಲಸ ಬಹು ನಯ. ಬಳೆಯನ್ನು ತಿರುಗಿಸಿ ಗಾಜನ್ನು ತೆಗೆದು, ಒಳಗೆ ಊದಿ ನೋಡಿ, ಇದು ಗ್ರೀಸು ಒಣಗಿದ ದೋಷವೇ ಹೊರತು ಬೇರೆಯಲ್ಲವೆಂದು ತೀರ್ಮಾನಿಸಿದನು. ಆಮೇಲೆ ಉರುಳೆಗಳನ್ನು ತೋರಿಸಿ, "ಸಾರ್, ಹೇಗೂ ಬಿಚ್ಚಿದ್ದೀನಿ, ಲೆಕ್ಕಾನ ಸೊನ್ನೆಗೆ ತಂದುಬಿಡ್ಲಾ? ಎಲ್ಲರೂ ಹಾಗೇ ಮಾಡಿಸ್ತಾರೆ. ಗಾಡಿ ಹೊಸದರ ಹಾಗೆ ಇರ್ತದೆ," ಎಂದನು. ಅದರಲ್ಲಿ ಕಪಟವೇನೂ ಇರಲಿಲ್ಲ. ಮಾರುವ ಯೋಚನೆಯಿಲ್ಲದ ಯಜಮಾನನಿಗೆ ಸೊನ್ನೆಯಿಂದ ಮೋಸಹೋಗತಕ್ಕವರು ಯಾರೂ ಇಲ್ಲ. ಆದರೂ ಅಧ್ಯಾಪಕರು ಕೂಡಲೆ ಹೂಂ ಎನ್ನಲಿಲ್ಲ; "ಮನೆಯಲ್ಲಿ ಕೇಳಿ ಹೇಳ್ತೀನಿ, ಯಜಮಾನ್ರೆ," ಎಂದು ಎದ್ದುಬಂದರು.

ಮನೆಯಲ್ಲಿ ಕೇಳುವುದೆಂದರೆ ತಾಯಿಯವರನ್ನು ಕೇಳುವುದು. ತೊಂಬತ್ತು ದಾಟಿದ ಆಕೆ ಮಗನ ಮಾತನ್ನು ಪೂರ್ತಿ ಕೇಳಿ, "ಅಳಿಸಬೇಡ ಕಣೋ. ಅವರಿಗೆ ಅದು ಲಕ್ಷ ತುಂಬಬೇಕು ಅಂತ ಬಹಳ ಇತ್ತು. ತುಂಬಿದ ದಿವಸ ಪಾಯಸ ಮಾಡು ಅಂದಿದ್ದರು. ತುಂಬಲೇ ಇಲ್ಲ," ಎಂದರು. ಇನ್ನೊಂದು ಸಾವಿರದೆಪ್ಪತ್ತು ಮೈಲಿ ಓಡಿದ್ದರೆ ಐದು ಅಂಕೆಯ ಆ ಮೀಟರು ತಾನಾಗಿಯೇ ಸೊನ್ನೆಗೆ ತಿರುಗಿ, ಒಂದು ಲಕ್ಷವನ್ನು ಸಾರುತ್ತಿತ್ತು. ವೈದ್ಯರಿಗೆ ಆ ಸೊನ್ನೆಯನ್ನು ಕಾಣುವ ಯೋಗವಿರಲಿಲ್ಲ. ಈಗ ಸುತ್ತಿಗೆ ಚಿಮಟಗಳಿಂದ ತಂದಿಡುವ ಸೊನ್ನೆಯು ಆ ಸೊನ್ನೆಯಲ್ಲವೆಂಬುದನ್ನು ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ.

ಅಂಕೆಗಳನ್ನು ಮುಟ್ಟದೆಯೇ ಮೀಟರು ಶುದ್ಧವಾಗಿ ಮನೆಗೆ ಬಂತು, ಕಾರಿಗೂ ಕೂತಿತು. ಮೊದಲ ದಿನದ ಓಡಾಟದಲ್ಲಿಯೇ ಅಧ್ಯಾಪಕರ ಮೊಮ್ಮಗನು ತನ್ನ ಕೈಫೋನಿನಲ್ಲಿ ಕಾಣುವ ವೇಗಕ್ಕೂ ಮೀಟರಿನ ವೇಗಕ್ಕೂ ತಾಳೆಯಾಗುವುದಿಲ್ಲವೆಂದು ಕಂಡನು. ಮುಳ್ಳು ನಲವತ್ತು ಮೈಲಿಯೆನ್ನುವಾಗ ಬಂಡಿಯು ನಲವತ್ತಮೂರನ್ನು ಮುಟ್ಟಿರುತ್ತಿತ್ತು. ಮೇಲೆ ಹೇಳಿದ ವಿಧಿಯಂತೆ ಇದು ಅಪಾಯದ ಕಡೆಗೆ ಆಗುವ ತಪ್ಪು.

ಮುಖಫಲಕದ ಮೇಲೆ, ಹೆಸರಿನ ಕೆಳಗೆ, ಇರುವೆಯ ಗಾತ್ರದ ಅಕ್ಷರಗಳಲ್ಲಿ ಒಂದು ಸಂಖ್ಯೆಯಿರುತ್ತದೆ. ಒಂದು ಮೈಲಿಗೆ ಕೇಬಲು ಎಷ್ಟು ಸುತ್ತು ತಿರುಗಿದರೆ ಆ ಮೀಟರು ನಿಜ ಹೇಳುವುದೆಂಬುದೇ ಅದರ ಅರ್ಥ. ಕಾರಿನ ಕೇಬಲು ವಾಸ್ತವವಾಗಿ ಎಷ್ಟು ಸುತ್ತುತ್ತದೆಂಬುದನ್ನು ಕಂಡುಹಿಡಿಯಲು ಹಳಬರ ಒಂದು ಸುಲಭ ಸೂತ್ರವಿದೆ. ಕೇಬಲನ್ನು ಮೀಟರಿನಿಂದ ಬಿಡಿಸಿ, ಒಳತಂತಿಯ ತುದಿಗೆ ಕಾಗದದ ಬಾಣವೊಂದನ್ನು ಸಿಕ್ಕಿಸಿ, ಹಿಂದಿನ ಚಕ್ರಗಳು ಸರಿಯಾಗಿ ಆರು ಸುತ್ತು ಸುತ್ತುವಂತೆ ಕಾರನ್ನು ನೇರವಾಗಿ ತಳ್ಳಬೇಕು. ಬಾಣವು ತಿರುಗಿದ ಸುತ್ತುಗಳನ್ನು ೧೬೮೦ರಿಂದ ಗುಣಿಸಿ, ಚಕ್ರದ ನಡುವಿನಿಂದ ನೆಲಕ್ಕಿರುವ ಅಂಗುಲಗಳಿಂದ ಭಾಗಿಸಿದರೆ ಮೈಲಿಗೆ ಎಷ್ಟು ಸುತ್ತೆಂಬುದು ಬರುತ್ತದೆ. ಮನೆಯ ಮುಂದಿನ ರಸ್ತೆಯಲ್ಲಿ ಮಗ, ಮೊಮ್ಮಗ, ಇಬ್ಬರು ನೆರೆಯವರು ಸೇರಿ ಕಾರನ್ನು ತಳ್ಳಿದರು. ಬಾಣವು ಒಂಬತ್ತೂವರೆ ಸುತ್ತು ಬಂತು. ಅಳತೆ ಹನ್ನೊಂದೂವರೆ ಅಂಗುಲ. ಲೆಕ್ಕಕ್ಕೆ ಬಂದ ಸುತ್ತುಗಳು ೧೩೮೮. ಫಲಕವು ಕೇಳುತ್ತಿದ್ದುದು ಇದಕ್ಕಿಂತ ಸುಮಾರು ನೂರಹತ್ತು ಸುತ್ತು ಹೆಚ್ಚು. ಮೀಟರು ಸುಳ್ಳುಗಾರನಲ್ಲ, ಅದಕ್ಕೆ ವರದಿ ತರುವ ಕೇಬಲೇ ಹದಿನಾಲ್ಕರಲ್ಲಿ ಒಂದು ಪಾಲನ್ನು ನುಂಗುತ್ತಿತ್ತು.

ಕಾರಣವು ತಂದೆಯವರ ಪುಸ್ತಕದಲ್ಲಿಯೇ ಸಿಕ್ಕಿತು. ೧೯೮೩ರ ಒಂದು ಪುಟದಲ್ಲಿ, ಹಿಂದಿನ ಆಕ್ಸಲು ಮುರಿದು ಗುಜರಿಯಿಂದ ಬೇರೊಂದನ್ನು ತಂದು ಹಾಕಿಸಿದುದಾಗಿಯೂ, ಆಗ ಮೀಟರು ೮೪,೨೧೦ ಇದ್ದುದಾಗಿಯೂ ಬರೆದಿತ್ತು. ೧೯೫೭ರ ಮೈನರಿನ ಆಕ್ಸಲಿನಲ್ಲಿ ಒಂಬತ್ತು ಹಲ್ಲಿನ ಚಕ್ರವು ನಲವತ್ತೊಂದು ಹಲ್ಲಿನದನ್ನು ತಿರುಗಿಸುತ್ತದೆ. ೧೯೬೨ರ ಅನಂತರದ ದೊಡ್ಡ ಎಂಜಿನ್ನಿನ ಮೈನರುಗಳಲ್ಲಿ ಮೂವತ್ತೆಂಟು ಹಲ್ಲಿನದನ್ನು. ಗುಜರಿಯಿಂದ ಬಂದದ್ದು ಈ ಎರಡನೆಯ ಬಗೆಯದು. ಇದರಿಂದ ಎಂಜಿನ್ನಿಗೆ ಶ್ರಮ ಕಡಿಮೆಯಾಯಿತು, ಸದ್ದೂ ಇಳಿಯಿತು. ಆದರೆ ಗೇರುಪೆಟ್ಟಿಗೆಯಿಂದ ಹೊರಡುವ ಕೇಬಲು ಪ್ರತಿ ಮೈಲಿಗೂ ನಲವತ್ತೊಂದು ಸುತ್ತು ಬರುವಲ್ಲಿ ಮೂವತ್ತೆಂಟೇ ಬರತೊಡಗಿತು. ಯಾರ ಗಮನಕ್ಕೂ ಬಾರದೆ ಎಂಟು ವರ್ಷ ಹಾಗೆಯೇ ನಡೆಯಿತು.

ಗಣಿತದ ಅಧ್ಯಾಪಕರಿಗೆ ಮುಂದಿನ ಹೆಜ್ಜೆಯನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಆಕ್ಸಲು ಬದಲಾದ ಮೇಲೆ ಮೀಟರು ಎಣಿಸಿದ ಮೈಲಿಗಳು ೧೪,೭೨೦. ಅದನ್ನು ನಲವತ್ತೊಂದರಿಂದ ಗುಣಿಸಿ ಮೂವತ್ತೆಂಟರಿಂದ ಭಾಗಿಸಿದರೆ ನಿಜವಾಗಿ ಓಡಿದ್ದು ೧೫,೮೮೨. ಮೊದಲಿನ ೮೪,೨೧೦ನ್ನು ಕೂಡಿಸಿದರೆ ೧,೦೦,೦೯೨. ವೈದ್ಯರು ಲಕ್ಷವನ್ನು ದಾಟಿ ತೊಂಬತ್ತೆರಡು ಮೈಲಿ ಮುಂದೆ ಹೋಗಿದ್ದರು. ಅದು ಅವರಿಗೆ ತಿಳಿದಿರಲಿಲ್ಲ.

ಅಧ್ಯಾಪಕರು ಇದನ್ನು ತಾಯಿಗೆ ತಿಳಿಸುವಾಗ ಎಚ್ಚರಿಕೆಯ ಮಾತನ್ನೂ ಸೇರಿಸಿದರು. ಟೈರು ಸವೆದಂತೆ ಚಕ್ರವು ಚಿಕ್ಕದಾಗಿ ಮೀಟರು ಸ್ವಲ್ಪ ಹೆಚ್ಚು ಎಣಿಸುತ್ತದೆ; ಗಾಳಿ ಕಡಿಮೆಯಾದರೂ ಹಾಗೆಯೇ; ನೂರಕ್ಕೆ ಒಂದರಂತೆ ತಪ್ಪಿದರೂ ಲಕ್ಷಕ್ಕೆ ಸಾವಿರ ಮೈಲಿಯಾಯಿತು; ಆದುದರಿಂದ ತೊಂಬತ್ತೆರಡರ ಮೇಲೆ ಆಣೆಯಿಡಲಾಗದು. ತಾಯಿಯವರು, "ನಿನ್ನ ಲೆಕ್ಕ ತಪ್ಪಿದ್ದರೆ ತಪ್ಪಿರಲಿ, ಪಾಯಸಕ್ಕೇನು ಅಡ್ಡಿ? ಗಸಗಸೆ ಇದೆಯಾ ನೋಡಲು ಹೇಳು," ಎಂದರು. ಅಂದು ರಾತ್ರಿ ಆ ಮನೆಯಲ್ಲಿ ಪಾಯಸವಾಯಿತು.

ಆಮೇಲೆ ಉಳಿದದ್ದು ಮೀಟರನ್ನು ಏನು ಮಾಡಬೇಕೆಂಬ ಪ್ರಶ್ನೆ. ಗಲ್ಲಿಯ ಕುಶಲಿಯು ಎರಡು ದಾರಿಗಳನ್ನು ಹೇಳಿದನು. ಒಂದು, ಅಯಸ್ಕಾಂತದ ಬಲವನ್ನು ತುಸು ಹೆಚ್ಚಿಸುವುದು. ಸ್ವಲ್ಪ ಖರ್ಚಿನ ಕೆಲಸ, ಮುಳ್ಳು ನಿಜವನ್ನು ಹೇಳುವುದು, ಆದರೆ ಹಲ್ಲುಚಕ್ರಗಳಿಂದ ನಡೆಯುವ ಮೈಲಿಗಳ ಲೆಕ್ಕಕ್ಕೆ ಅಯಸ್ಕಾಂತದ ಸಂಬಂಧವಿಲ್ಲವಾದುದರಿಂದ ಅದು ಮೊದಲಿನಂತೆಯೇ ತಪ್ಪುತ್ತಿರುವುದು. ಇನ್ನೊಂದು, ಕೇಬಲಿನ ದಾರಿಯಲ್ಲಿಯೇ ಮೂವತ್ತೆಂಟನ್ನು ನಲವತ್ತೊಂದಕ್ಕೆ ಏರಿಸುವ ಪುಟ್ಟ ಹಲ್ಲುಪೆಟ್ಟಿಗೆಯೊಂದನ್ನು ಕೂರಿಸುವುದು. ಖರ್ಚು ಹೆಚ್ಚು, ವೇಗವೂ ಮೈಲಿಯೂ ಎರಡೂ ಸರಿಯಾಗುವುವು. ಅಧ್ಯಾಪಕರು ಎರಡನೆಯದನ್ನೇ ಆರಿಸಿದರು. ೯೮,೯೩೦ ಎಂಬ ಅಂಕೆಯನ್ನು ಮಾತ್ರ ತಿದ್ದಲಿಲ್ಲ. ತಮ್ಮ ಲೆಕ್ಕದಂತೆ ೦೦,೦೯೨ಕ್ಕೆ ತಂದಿಡಬಹುದಾಗಿತ್ತು. ಆದರೆ ಮೀಟರು ಕಂಡದ್ದನ್ನು ಮೀಟರು ಹೇಳಲಿ, ಗಣಿತ ಕಂಡದ್ದನ್ನು ಪುಸ್ತಕ ಹೇಳಲಿ ಎಂದು, ತಂದೆಯವರ ಪುಸ್ತಕದಲ್ಲಿ ಕೊನೆಯ ನಮೂದಿನ ಕೆಳಗೆ ಒಂದು ಗೆರೆಯೆಳೆದು, ಆಕ್ಸಲಿನ ಸಂಗತಿ, ಗುಣಾಕಾರ ಭಾಗಾಕಾರ, ಹಲ್ಲುಪೆಟ್ಟಿಗೆ ಕೂರಿಸಿದ ದಿನಾಂಕ, ಇವೆಲ್ಲವನ್ನೂ ಬರೆದಿಟ್ಟರು.

ಹಾಗೆಂದು ಅವರು ಮಾರ್ಪಾಡನ್ನೇ ಒಪ್ಪದವರಲ್ಲ. ೧೯೫೬ರ ಕಾಯಿದೆಯಿಂದ ಮೆಟ್ರಿ‌ಕ್ ಅಳತೆಗಳು ಭಾರತಕ್ಕೆ ಬಂದು, ರಸ್ತೆಯ ಫಲಕಗಳೆಲ್ಲ ಈಗ ಕಿಲೋಮೀಟರಿನಲ್ಲಿವೆ; ಮೈಲಿಯ ಮೀಟರು ಮೊಮ್ಮಗನಿಗೆ ಅರ್ಥವಾಗದು. ಅದಕ್ಕಾಗಿ ಮೈಲಿಯ ಅಂಕೆಗಳ ಒಳಸುತ್ತಿನಲ್ಲಿ ಸಣ್ಣ ಕೆಂಪು ಅಂಕೆಗಳಿಂದ ಕಿಲೋಮೀಟರುಗಳನ್ನು ತೋರಿಸುವ ಹೊಸ ಫಲಕವೊಂದನ್ನು ಅಚ್ಚು ಹಾಕಿಸಿದರು: ಮೂವತ್ತು ಮೈಲಿಯ ಬಳಿ ೪೮, ಐವತ್ತರ ಬಳಿ ೮೦. ಹಳೆಯ ಫಲಕವನ್ನು ಬಟ್ಟೆಯಲ್ಲಿ ಸುತ್ತಿ ಪುಸ್ತಕದ ಜೊತೆಯಲ್ಲಿಯೇ ಪೆಟ್ಟಿಗೆಯಲ್ಲಿರಿಸಿದರು. ಆ ಕಾರಿನಲ್ಲಿ ಎಣ್ಣೆಯ ಒತ್ತಡಕ್ಕೆ ಒಂದು ದೀಪವಷ್ಟೇ ಉಂಟು. ಒತ್ತಡವು ಬಹುಮಟ್ಟಿಗೆ ಕುಸಿದ ಮೇಲೆ ಅದು ಹತ್ತುವುದರಿಂದ ಎಚ್ಚರಿಕೆಗಿಂತ ಹೆಚ್ಚಾಗಿ ಶೋಕವಾರ್ತೆಯಾಗುತ್ತದೆ. ಬೂರ್ದೋನನ ಕೊಳವೆಯುಳ್ಳ ಚಿಕ್ಕ ಮೀಟರೊಂದನ್ನು, ಹಲಗೆಗೆ ತೂತು ಕೊರೆಯದೆ, ಕೆಳಗೆ ಬೇರೆಯ ಪಟ್ಟಿಯಿಂದ ತೂಗುಹಾಕಿದರು. ಬೇಡವೆಂದವರು ನಾಳೆ ಅದನ್ನು ಬಿಚ್ಚಿಟ್ಟರೆ ಕಾರಿನ ಮೈಮೇಲೆ ಗಾಯವಿರದು.

ಹಳೆಯ ವಸ್ತುವನ್ನು ಉಳಿಸುವವರಲ್ಲಿ ಹೊಸದನ್ನು ಮುಟ್ಟಲೊಲ್ಲದವರೂ, ಹಳೆಯದನ್ನು ಉಳಿಸಲೊಲ್ಲದವರೂ ಸಮನಾಗಿ ಇದ್ದಾರೆ. ಇವರಿಬ್ಬರ ವಾದದಲ್ಲಿ ಮೀಟರು ಕೊಡುವ ತೀರ್ಪು ಸರಳವಾದುದು. ಓದುವವನಿಗೆ ಹೆಚ್ಚು ನಿಜವನ್ನು ಹೇಳುವ, ಮತ್ತು ಬೇಕಾದಾಗ ಹಿಂತೆಗೆಯಬಹುದಾದ ಮಾರ್ಪಾಡು ಒಳ್ಳೆಯದು. ನಿಜವನ್ನು ಮುಚ್ಚುವ ಅಂದವು, ಅದೆಷ್ಟೇ ಹೊಳೆದರೂ, ಕೆಟ್ಟದ್ದು. ಹಳೆಯ ಕಾರುಗಳ ಸಂತೆಯಲ್ಲಿ ಮೈಲಿಗಳನ್ನು ಹಿಂದಕ್ಕೆ ತಿರುಗಿಸಿ ಬೆಲೆಯನ್ನು ಮುಂದಕ್ಕೆ ತಿರುಗಿಸುವ ಕೈಗಳು ಎಲ್ಲ ದೇಶಗಳಲ್ಲಿಯೂ ಇವೆ. ಉರುಳೆಗಳು ಹೋಗಿ ಮಿಂಚಿನ ಅಂಕೆಗಳು ಬಂದರೂ ಆ ವಿದ್ಯೆಯು ಅಳಿದಿಲ್ಲ. ಅಂತಹವರ ಕಣ್ಣಿಗೆ ಬಂಡಿಯು ಓಡಿದ ದೂರವು ಒಂದು ಕಳಂಕ. ರಾತ್ರಿಯ ಮಳೆಯಲ್ಲಿ ಯಾರದೋ ಹೆರಿಗೆಗೆಂದು ಓಡಿದ ಮೈಲಿಗಳನ್ನು ಕಳಂಕವೆನ್ನಲು ಸಾಧ್ಯವೇ? ಅದು ಬಂಡಿಯ ಸವೆತವೂ ಹೌದು, ಒಬ್ಬ ಮನುಷ್ಯನ ದುಡಿಮೆಯೂ ಹೌದು. ಎರಡಕ್ಕೂ ಒಂದೇ ಅಂಕೆ ಸಾಕ್ಷಿ. ಹಲಗೆಯನ್ನು ಬಿಚ್ಚಿ ಚಿಮಟವನ್ನು ಕೈಗೆತ್ತಿಕೊಳ್ಳುವವರು ಇಷ್ಟನ್ನು ನೆನಪಿನಲ್ಲಿಟ್ಟರೆ, ಉಳಿದ ಕೆಲಸವನ್ನು ಕುಂಚವೂ ಗ್ರೀಸೂ ನೋಡಿಕೊಳ್ಳುತ್ತವೆ.